ಎಂಟು ಮಂದಿಯ ಪಡಸಾಲೆ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಸಿಕಂದರಾಬಾದಿನ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಚಿತ್ತಾಪುರ ಬರುತ್ತದೆ. 1874ರಲ್ಲಿ ನಿಜಾಮರ ಹಣದಿಂದ ಹಾಕಿದ ಹಳಿ ಅದು. ಎರಡೂ ಕಡೆ ತೊಗರಿ, ಜೋಳದ ಕಪ್ಪು ನೆಲ. ಆ ನೆಲದ ಕೆಳಗೆ ಪದರ ಪದರವಾಗಿ ಏಳುವ ಸುಣ್ಣಕಲ್ಲು. ಶಹಾಬಾದಿನ ಹೆಸರಿನಿಂದ ದೂರದ ಪಟ್ಟಣಗಳ ಮನೆಗಳಿಗೂ ಹೋಗಿರುವ ಕಲ್ಲು ಇದೇ. ನಮ್ಮ ಮನೆಯ ಗೋಡೆಯೂ ನೆಲವೂ ಅದರವೇ.

ನಾವು ಎಂಟು ಮಂದಿ ಮಕ್ಕಳು, ನಾನು ಐದನೆಯವನು. ಮಲಗಲು ಇದ್ದುದು ಒಂದೇ ಪಡಸಾಲೆ. ಜಗಳ ತಪ್ಪಿಸಲು ಅಪ್ಪ ಒಂದು ಉಪಾಯ ಮಾಡಿದ್ದರು. ನೆಲದ ಪರಸಿಕಲ್ಲುಗಳನ್ನು ಎಣಿಸಿ, ಇಂತಿಂಥ ಸಾಲು ಇಂತಿಂಥವರದೆಂದು ಹಂಚಿದ್ದರು. ಗೆರೆ ದಾಟಿ ಕಾಲು ಚಾಚಿದವನಿಗೆ ಪಕ್ಕದವನ ಗುದ್ದು ತಪ್ಪುತ್ತಿರಲಿಲ್ಲ. ಬೇಸಿಗೆಯಲ್ಲಿ ಆ ಕಲ್ಲಿನ ತಂಪೇ ಹಾಸಿಗೆ. ಚಳಿಗಾಲದಲ್ಲಿ ಮೂವರಿಗೆ ಒಂದು ಕೌದಿ.

ಅಪ್ಪ ನಿಜಾಮರ ಆಳಿಕೆಯಲ್ಲಿ ಉರ್ದು ಕಲಿತವರು. ಅವರ ಲೆಕ್ಕದ ಪುಸ್ತಕ ಬಲದಿಂದ ಎಡಕ್ಕೆ ಓಡುತ್ತಿತ್ತು. 1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ನಾವು ಕನ್ನಡ ಶಾಲೆಗೆ ಹೋದೆವು. ಹಿರಿಯಕ್ಕನೂ ಹೋದಳು, ನಾಲ್ಕನೆಯ ತರಗತಿಯವರೆಗೆ ಮಾತ್ರ. ನನ್ನ ಬೆನ್ನಿಗೆ ಆರನೆಯ ಕೂಸು ಹುಟ್ಟಿದ ವರ್ಷ ಅವಳ ಪಾಟಿ ನನ್ನ ಅಣ್ಣನ ಕೈಗೆ ಬಂತು. ಅವಳು ರೊಟ್ಟಿ ಬಡಿಯುತ್ತಿದ್ದರೆ ನಾವು ಒಲೆಯ ಬಳಿ ಕುಳಿತು ಪದ್ಯ ಒಪ್ಪಿಸುತ್ತಿದ್ದೆವು. ತಪ್ಪಿದ ಕಡೆ ತಿದ್ದುತ್ತಿದ್ದವಳೂ ಅವಳೇ.

ಊರಿನ ಹತ್ತಿರದಲ್ಲೇ ನಾಗಾವಿ ಇದೆ. ಎಲ್ಲಮ್ಮನ ದರ್ಶನಕ್ಕೆ ನಾವೆಲ್ಲ ಒಂದೇ ಬಂಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದೆವು. ಚಾಲುಕ್ಯರ ಕಾಲದಲ್ಲಿ ಅದು ದೊಡ್ಡ ಘಟಿಕಾಸ್ಥಾನ. ವೇದ ಕಲಿಯುವ 200 ಮಂದಿ ವಿದ್ಯಾರ್ಥಿಗಳೂ ಪುಸ್ತಕ ಕಾಯುವ 6 ಮಂದಿ ಸರಸ್ವತೀ ಭಂಡಾರಿಗಳೂ ಅಲ್ಲಿದ್ದರೆಂದು 1058ರ ಶಾಸನ ಹೇಳುತ್ತದೆ. ಅದನ್ನು ಓದಿದಾಗ ನನಗೆ ನೆನಪಾದವಳು ಅಕ್ಕ. ಒಂದೇ ಪುಸ್ತಕ ನಾಲ್ವರ ಕೈ ದಾಟಿ ಬರುವಾಗ ಹರಿದ ಹಾಳೆಗೆ ಅಂಟು ಹಚ್ಚಿ, ಬೆನ್ನಿಗೆ ದಾರ ಹೊಲಿದು, ಮುಂದಿನವನಿಗೆ ಎತ್ತಿಡುತ್ತಿದ್ದ ನಮ್ಮ ಮನೆಯ ಭಂಡಾರಿ ಅವಳು.

ಈಚೆಗೆ ಆ ಮನೆಯನ್ನು ಮಾರುವ ಮಾತು ಬಂತು. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ತಂಗಿಯರಿಬ್ಬರು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಕೊಟ್ಟಿದ್ದರು. ಅಕ್ಕನ ರುಜು ಪಡೆಯಲು ನಾನೇ ಹೋದೆ. ಬರಿದಾದ ಪಡಸಾಲೆಯಲ್ಲಿ ಅವಳು ಕನ್ನಡಕ ಹಾಕಿಕೊಂಡು, ಒಂದಕ್ಷರವನ್ನೂ ಬಿಡದೆ ಪತ್ರವನ್ನು ಓದಿದಳು. ಬಳಿಕ ನೆಲದತ್ತ ನೋಡಿ ಕೇಳಿದಳು:

“ಇದರಾಗ ನನ್ನ ಕಲ್ಲು ಯಾವುದೋ ತಮ್ಮಾ?”

ನಾನು ಗೆರೆ ಗೆರೆಯಾಗಿ ಎಣಿಸಿದೆ. ಏಳು ಮಂದಿಯ ಜಾಗವೂ ಸಿಕ್ಕಿತು. ಅಕ್ಕ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು, ಅಡುಗೆಮನೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗುತ್ತಿದ್ದುದು ಆಗ ನೆನಪಾಯಿತು.

ಪತ್ರವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡೆ. ಪಾಲು ಎಂಟಾಗಬೇಕೆಂದು ಆ ರಾತ್ರಿಯೇ ಎಲ್ಲರಿಗೂ ತಿಳಿಸಿದೆ. ಒಬ್ಬ ತಮ್ಮ ಇನ್ನೂ ಉತ್ತರ ಕೊಟ್ಟಿಲ್ಲ. ಬೆಳಗಿನ ಗಾಡಿಗೆ ಹೊರಟಾಗ ಅಕ್ಕ ಬುತ್ತಿ ಕಟ್ಟಿಕೊಟ್ಟಳು: ಖಡಕ್ ರೊಟ್ಟಿ, ಶೇಂಗಾಹಿಂಡಿ. ವಾಡಿಯಲ್ಲಿ ಬಿಚ್ಚಿ ನೋಡಿದೆ. ಎಣಿಸಿದಂತೆ ಎಂಟು ರೊಟ್ಟಿಗಳಿದ್ದವು.