ಹೇಮಕೂಟದಲ್ಲಿ ಸಿಕ್ಕಿಹಾಕಿಕೊಂಡ ಫಿಲ್ಮ್

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಅಮ್ಮ ರಾತ್ರಿಯಿಡೀ ತಲೆಯ ಹತ್ತಿರ ಇಟ್ಟುಕೊಂಡು ಮಲಗಿದ್ದು ಚಿನ್ನದ ಸರ ಇರೋ ಪರ್ಸ್ ಅಲ್ಲ, ಅಪ್ಪನ ಕ್ಯಾಮೆರಾ. ಯಾಷಿಕಾ ಮ್ಯಾಟ್ 124ಜಿ. 1970ರಿಂದ 1986ರವರೆಗೆ ಜಪಾನಿನಲ್ಲಿ ತಯಾರಾದ, ಎರಡು ಕಣ್ಣಿನ ಡಬ್ಬಿ. ಮೇಲಿನ ಲೆನ್ಸ್ ನಾವು ನೋಡೋಕೆ, ಕೆಳಗಿನದು ಫಿಲ್ಮ್ ನೋಡೋಕೆ.

ಅಪ್ಪ ಹೋಗಿ ಎರಡು ವರ್ಷ. ಮದುವೆಯಾದ ಹೊಸದರಲ್ಲಿ ಅವರು ಹೇಮಕೂಟದ ಬಂಡೆ ಮೇಲೆ ಅಮ್ಮನನ್ನು ಕೂರಿಸಿ ತೆಗೆದ ಫೋಟೊ ನಮ್ಮ ಹಾಲ್‌ನಲ್ಲಿದೆ. ಅದೇ ಬಂಡೆ ಮೇಲೆ, ಅದೇ ಕ್ಯಾಮೆರಾದಲ್ಲಿ ಇನ್ನೊಂದು ತೆಗೆಯೋದು ನನ್ನ ಪ್ಲಾನ್.

ಹೊಸಪೇಟೆಯಲ್ಲಿ ಇಳಿದು ಆಟೋ ಹಿಡಿದರೆ ಹಂಪಿ ಸುಮಾರು 13 ಕಿ.ಮೀ. ಮೊದಲು ವಿರೂಪಾಕ್ಷನ ದರ್ಶನ. ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ, ಗೋಡೆಯ ಮೇಲೆ ಒಂಬತ್ತು ಅಂತಸ್ತಿನ ರಾಜಗೋಪುರ ತಲೆಕೆಳಗಾಗಿ ಬೀಳುತ್ತೆ. ಲೆನ್ಸೂ ಇಲ್ಲ, ಫಿಲ್ಮೂ ಇಲ್ಲ. ಒಂದು ಸಣ್ಣ ಕಿಂಡಿಯಿಂದ ಬರೋ ಬೆಳಕು ನೇರವಾಗಿ ಸಾಗುತ್ತೆ. ಹಾಗಾಗಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನನ್ನ ಕೊರಳಲ್ಲಿದ್ದ ಯಾಷಿಕಾ ಒಳಗಡೆ ಮಾಡೋದೂ ಇದನ್ನೇ. ವ್ಯೂಫೈಂಡರ್‌ಗೆ ಮಾತ್ರ ಒಂದು ಕನ್ನಡಿ ಇರೋದರಿಂದ ತಲೆ ನೆಟ್ಟಗಾಗಿ, ಎಡ-ಬಲ ಅದಲುಬದಲಾಗಿ ಕಾಣುತ್ತೆ.

ಸಂಜೆ ಹೇಮಕೂಟ ಹತ್ತಿದೆವು. ಗುಡ್ಡ ದೊಡ್ಡದಲ್ಲ, ಆದರೆ ಅಮ್ಮನ ಮಂಡಿಗೆ ಅದೇ ಹಿಮಾಲಯ. ಕಲ್ಲುಮಂಟಪ, ಗೋಪುರ ಅಂತ ನಾಲ್ಕು ಫೋಟೊ ತೆಗೆದೆ. ಅಮ್ಮ ಸೆರಗು ಸರಿಮಾಡಿಕೊಂಡು ಬಂಡೆ ಮೇಲೆ ಕೂತರು. ಐದನೇ ಫ್ರೇಮ್‌ಗೆ ಕ್ರ್ಯಾಂಕ್ ತಿರುಗಿಸಿದೆ. ಅರ್ಧಕ್ಕೇ ನಿಂತಿತು.

ಆಫೀಸಿನಲ್ಲಿ ಬಗ್ ಹುಡುಕೋ ರೀತಿಯಲ್ಲೇ ಶುರು ಮಾಡಿದೆ. ಶಟರ್ ಬಟನ್ ಪೂರ್ತಿ ಒತ್ತಿದ್ದೆನಾ? ಹೌದು, ಕ್ಲಿಕ್ ಕೇಳಿಸಿತ್ತು. ಈ ಕ್ಯಾಮೆರಾದಲ್ಲಿ ಕ್ರ್ಯಾಂಕನ್ನು ಮುಂದಕ್ಕೆ ತಿರುಗಿಸಿದರೆ ಫಿಲ್ಮ್ ಸರಿಯುತ್ತೆ, ಆಮೇಲೆ ಹಿಂದಕ್ಕೆ ತಂದರೆ ಶಟರ್ ಸಜ್ಜಾಗುತ್ತೆ. ಆ ಕ್ರಮವೇನಾದರೂ ತಪ್ಪಿತಾ? ಇಲ್ಲ. ಇನ್ನು ಉಳಿದಿದ್ದು ಎರಡೇ: ಗೇರ್ ಹಾಳಾಗಿದೆ, ಇಲ್ಲವೇ ಒಳಗೆ ಫಿಲ್ಮ್ ಬಿಗಿದಿದೆ. ಇನ್ನೊಂಚೂರು ಜೋರಾಗಿ ತಿರುಗಿಸೋಣ ಅಂತ ಕೈ ಹಾಕಿದೆ.

"ಬಲವಂತ ಮಾಡ್ಬೇಡ ಕಣೇ," ಅಂದರು ಅಮ್ಮ. "ಹಲ್ಲು ಮುರಿದ್ರೆ ಯಾರು ರಿಪೇರಿ ಮಾಡ್ತಾರೆ?"

ಸೂರ್ಯ ಮುಳುಗಿದ. ಮರುದಿನ ರಾತ್ರಿಗೆ ವಾಪಸ್ ಟ್ರೇನ್. ಫೋನ್‌ನಲ್ಲಿ ತೆಗೀತೀನಿ ಅಂದೆ. ಅಮ್ಮ ಬೇಡ ಅಂದರು.

ರಾತ್ರಿ ಕಮಲಾಪುರದ ರೂಮ್. ಹಿಂಬದಿ ಬಾಗಿಲು ತೆರೆದರೆ ಬೆಳಕು ಬಿದ್ದು ಫಿಲ್ಮ್ ಹಾಳು. ತೆರೆಯದಿದ್ದರೆ ತೊಂದರೆ ಏನು ಅಂತ ಗೊತ್ತಾಗಲ್ಲ. "ನಿಮ್ಮಪ್ಪ ರಗ್ಗಿನೊಳಗೆ ಕೈ ಹಾಕಿ ಮಾಡ್ತಿದ್ರು," ಅಂದ ಅಮ್ಮ ತಾವೇ ಲೈಟ್ ಆರಿಸಿದರು. ಕಿಟಕಿ ಪರದೆ ಎಳೆದು, ಎರಡು ರಗ್ಗು ಹೊದೆಸಿ, ಅಂಚುಗಳನ್ನು ಒತ್ತಿ ಹಿಡಿದು ಕೂತರು.

ಕತ್ತಲಲ್ಲಿ ಬೆರಳಿಗೇ ಕಣ್ಣು. ಕೆಳಗಿನ ಸುರುಳಿ ವಾಲಿತ್ತು. ಅದನ್ನು ಹಿಡಿದಿಡುವ ಗುಂಡಿ ಪೂರ್ತಿ ಒಳಗೆ ಹೋಗಿರಲಿಲ್ಲ. ಫಿಲ್ಮ್ ಹಿಂದಿನ ಕಾಗದದ ಅಂಚು ಮಡಚಿಕೊಂಡು ಸಿಕ್ಕಿಬಿದ್ದಿತ್ತು. ಲೋಡ್ ಮಾಡಿದ್ದು ನಾನೇ, ಟ್ರೇನ್ ಹತ್ತೋ ಗಡಿಬಿಡಿಯಲ್ಲಿ.

ಅದೇ ಫಿಲ್ಮ್ ಮುಂದುವರಿಸೋ ಹಾಗಿರಲಿಲ್ಲ, ಬಾಗಿಲು ತೆರೆದ ತಕ್ಷಣ ಕೌಂಟರ್ ಮತ್ತೆ ಮೊದಲಿಗೆ ಹೋಗುತ್ತೆ. ಹಾಗಾಗಿ ಉಳಿದ ಎಂಟು ಫ್ರೇಮ್ ಕೈಬಿಟ್ಟೆ. ಎರಡೂ ಸುರುಳಿ ಹೊರತೆಗೆದು, ಮಿಕ್ಕ ಫಿಲ್ಮನ್ನು ಮೇಲಿನ ಸುರುಳಿಗೆ ಕೈಯಲ್ಲೇ ಬಿಗಿಯಾಗಿ ಸುತ್ತಿ, ತುದಿಗೆ ಅಂಟು ಹಚ್ಚಿದೆ. ಲೈಟ್ ಹಾಕಿ ಖಾಲಿ ಕ್ಯಾಮೆರಾದ ಕ್ರ್ಯಾಂಕ್ ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು. ಗೇರ್ ಉಳಿದಿತ್ತು.

ಬೆಳಗ್ಗೆ ಅಮ್ಮ ನನಗಿಂತ ಮೊದಲೇ ರೆಡಿ. "ಮಂಡಿ?" ಅಂದೆ. "ಅದು ಇರೋದೇ, ನಡಿ," ಅಂದರು. ಹೊಸ ರೋಲ್ ಹಾಕಿ, ಗುಂಡಿಗಳನ್ನು ಎರಡೆರಡು ಸಲ ಒತ್ತಿ ನೋಡಿದೆ. ಬಂಡೆ ಮೇಲೆ ಕೂತ ಅಮ್ಮನಿಗೆ ಬಲಕ್ಕೆ ತಿರುಗಿ ಅನ್ನೋದರ ಬದಲು ಎಡಕ್ಕೆ ಅಂದೆ. "ನಿಮ್ಮಪ್ಪನೂ ಹಿಂಗೇ ಹೇಳ್ತಿದ್ರು," ಅಂತ ನಕ್ಕರು. ಆಗಲೇ ಕ್ಲಿಕ್ ಮಾಡಿದೆ.

ನೀವೂ ಮನೆಯ ಹಳೇ ಕ್ಯಾಮೆರಾ ಹಿಡಿದು ಹೊರಡೋದಾದರೆ, ಫಿಲ್ಮನ್ನು ಮನೆಯಲ್ಲೇ ನಿಧಾನವಾಗಿ ಕೂತು ಹಾಕಿ. ಒಂದು ರೋಲ್ ಹೆಚ್ಚಿಗೆ ಇರಲಿ. ಕ್ರ್ಯಾಂಕ್ ನಿಂತರೆ ನೀವೂ ನಿಂತುಬಿಡಿ. ಮತ್ತೆ, ಮುಖ್ಯವಾದ ಫೋಟೊ ಮೊದಲು ತೆಗೆಯಿರಿ, ಕಂಬಗಳು ಎಲ್ಲೂ ಹೋಗಲ್ಲ.

ಬೆಂಗಳೂರಿನ ಲ್ಯಾಬ್‌ನಿಂದ ಎರಡೂ ರೋಲ್ ಬಂದವು. ಮೊದಲ ರೋಲ್‌ನ ನಾಲ್ಕೂ ಉಳಿದಿವೆ. ನಾಲ್ಕನೆಯದರ ಅಂಚಿಗೆ ಮಾತ್ರ ರಗ್ಗಿನ ಸಂದಿಯ ಬೆಳಕು ತಾಗಿದೆ. ಹಾಲ್‌ನಲ್ಲೀಗ ಎರಡು ಅಮ್ಮಂದಿರು ಪಕ್ಕಪಕ್ಕ. ಹಳೆಯದರಲ್ಲಿ ಅವರು ನಾಚಿಕೊಂಡು ಎಲ್ಲೋ ನೋಡ್ತಿದ್ದಾರೆ. ಹೊಸದರಲ್ಲಿ ನೇರವಾಗಿ ಕ್ಯಾಮೆರಾವನ್ನೇ ನೋಡ್ತಿದ್ದಾರೆ.