ಹಳೆಯ ಪೇಟಿ, ಹೇಳದ ಮಾತು

ಹರಿಹರ ತಾಲೂಕಿನ ಉಕ್ಕಡಗಾತ್ರಿಗೆ ಅಮಾವಾಸ್ಯೆಯ ದಿನ ಹೋದವರಿಗೆ ಆ ಊರಿನ ಗದ್ದಲ ಗೊತ್ತಿರುತ್ತದೆ. ತುಂಗಭದ್ರೆಯಲ್ಲಿ ಮುಳುಗಿ ಎದ್ದು ಒದ್ದೆ ಬಟ್ಟೆಯಲ್ಲೇ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯತ್ತ ನಡೆಯುವವರು, ಮೈಮೇಲೆ ಬಂದು ಕೂಗುವವರು, ಅವರನ್ನು ಹಿಡಿದುಕೊಂಡು ಕಣ್ಣೀರು ಒರೆಸಿಕೊಳ್ಳುವ ಮನೆಯವರು. ಇಷ್ಟೆಲ್ಲದರ ನಡುವೆ ಒಂದು ಮೂಲೆಯಲ್ಲಿ ಭಜನೆಯವರ ಹಾರ್ಮೋನಿಯಂ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ನಾವು ಅಣ್ಣತಮ್ಮಂದಿರು ಚಿಕ್ಕವರಿದ್ದಾಗ ಆ ಊರಿಗೆ ಹೋಗುತ್ತಿದ್ದುದು ಅಬ್ಬಾನ ಕೆಲಸದ ಚೀಲ ಹೊತ್ತುಕೊಂಡು. ಅಬ್ಬಾ ಪೇಟಿ ರಿಪೇರಿ ಮಾಡುತ್ತಿದ್ದರು.

ಚೀಲದಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಎರಡು ಸಣ್ಣ ಅರ, ಮೇಕೆ ಚರ್ಮದ ತುಂಡುಗಳು, ಗೋಂದಿನ ಡಬ್ಬಿ, ಒಂದು ಸ್ಕ್ರೂಡ್ರೈವರು, ಮತ್ತೆ ಸವೆದ ಹ್ಯಾಕ್ಸಾ ಬ್ಲೇಡನ್ನು ಉಜ್ಜಿ ಮಾಡಿಕೊಂಡ ಹೆರೆಗತ್ತಿ. ಹರಿಹರದಲ್ಲಿ ಕಾರ್ಖಾನೆ ಕೆಲಸಗಾರರಿಗೆ ಕೊರತೆಯಿರಲಿಲ್ಲ. ಅಂಥ ಸ್ನೇಹಿತರೊಬ್ಬರು ಬ್ಲೇಡಿಗೆ ಹದ ಹಿಡಿದುಕೊಟ್ಟಿದ್ದರಂತೆ. ಹಳ್ಳಿಯ ಜನ ಅಬ್ಬಾನನ್ನು 'ಪೇಟಿ ಸಾಬ್ರು' ಎಂದೇ ಕರೆಯುತ್ತಿದ್ದರು. ವಾದ್ಯದ ದುಡಿಮೆ ಸರಿಯೇ ಎಂದು ಮಸೀದಿಯ ಜಗಲಿಯಲ್ಲಿ ಕೇಳಿದವರೂ ಇದ್ದರು. ಆ ವಿಷಯದಲ್ಲಿ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಅಬ್ಬಾ ವಾದಕ್ಕೆ ಇಳಿಯುತ್ತಿರಲಿಲ್ಲ. 'ಕೆಟ್ಟಿದ್ದನ್ನ ಸರಿಮಾಡಿ, ಮಾಡಿದಷ್ಟಕ್ಕೇ ಕಾಸು ಕೇಳ್ತೀನಿ. ಇದರಾಗ ಮುಚ್ಚಿಟ್ಟಿದ್ದು ಏನೈತಿ?' ಎಂದು ಎದ್ದುಬಿಡುತ್ತಿದ್ದರು. ಆ ಮಾತು ಮುಂದೆ ನಮ್ಮನ್ನೇ ಇರಿಯುತ್ತದೆಂದು ಆಗ ನಮಗೆ ತಿಳಿದಿರಲಿಲ್ಲ.

ಪೇಟಿಯ ಜೀವ ಇರುವುದು ಅದರ ರೀಡಿನಲ್ಲಿ. ಹಿತ್ತಾಳೆಯ ಪಟ್ಟಿಯಲ್ಲಿ ಒಂದು ಸೀಳು. ಸೀಳಿನ ಮೇಲೆ ಒಂದು ತುದಿಯಲ್ಲಿ ಮಾತ್ರ ಬಡಿದು ಕೂರಿಸಿದ ಹಿತ್ತಾಳೆಯ ನಾಲಿಗೆ. ತಿದಿಯ ಗಾಳಿ ಬಂದಾಗ ನಾಲಿಗೆ ಸೀಳಿನೊಳಗೆ ಹೋಗಿಬಂದು ಅದುರುತ್ತದೆ, ಅದೇ ಸ್ವರ. ನಾಲಿಗೆಯ ತುದಿ ಹೆರೆದರೆ ಸ್ವರ ಏರುತ್ತದೆ, ಬುಡ ಹೆರೆದರೆ ಇಳಿಯುತ್ತದೆ. ಒಂದು ಕೂದಲಿನಷ್ಟು ಹೆಚ್ಚು ಹೆರೆದರೂ ರೀಡು ಕೆಟ್ಟಂತೆಯೇ. ಮೂರೂವರೆ ಸಪ್ತಕದ ಪೇಟಿಗೆ 42 ಮನೆ. ಖರ್ಜ, ನರ, ಮಾದಿ ಎಂದು ಮೂರು ಸಾಲು ಇದ್ದರೆ ಒಟ್ಟು 126 ನಾಲಿಗೆ. ಅಷ್ಟನ್ನೂ ಅಬ್ಬಾ ಕಿವಿಯಿಂದಲೇ ಕೂರಿಸುತ್ತಿದ್ದರು.

ಈ ವಾದ್ಯ ನಮ್ಮದಲ್ಲ ಎಂಬುದು ಎಲ್ಲರಿಗೂ ಗೊತ್ತು. ಪ್ಯಾರಿಸ್ಸಿನ ಅಲೆಕ್ಸಾಂಡ್ರೆ ದೆಬೆಯ್ನ್ 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದು ಕಾಲಿನಿಂದ ತುಳಿದು ನುಡಿಸುವ ದೊಡ್ಡ ಪೆಟ್ಟಿಗೆ. ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗಾಗಿ ಹಿಂದೆ ತಿದಿ ಇಟ್ಟು ಕೈಪೆಟ್ಟಿಗೆ ಮಾಡಿಕೊಟ್ಟವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅವರ ದ್ವಾರ್ಕಿನ್ ಅಂಗಡಿ ಆರಂಭವಾದದ್ದು 1875ರಲ್ಲಿ. ಮೀಂಡಿಗೆ ಒಗ್ಗದ ಪರದೇಶಿ ವಾದ್ಯವೆಂದು 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಒಳಗೆ ಬಿಟ್ಟುಕೊಳ್ಳಲು 1970ರ ದಶಕ ಬರಬೇಕಾಯಿತು. ಆದರೆ ಅಷ್ಟೂ ವರ್ಷ ನಮ್ಮ ಹಳ್ಳಿಗಳಲ್ಲಿ ಯಾರೂ ಪೇಟಿ ಮುಚ್ಚಲಿಲ್ಲ. ಭಜನೆಯ ಗುಡಿಯಲ್ಲಿ, ಸಣ್ಣಾಟದ ಅಟ್ಟದ ಮೇಲೆ, ಉರೂಸಿನ ಕವ್ವಾಲಿಯಲ್ಲಿ, ಶಿಶುನಾಳ ಶರೀಫಜ್ಜನ ತತ್ವಪದಗಳಿಗೆ, ಎಲ್ಲದಕ್ಕೂ ಅದೇ ಶ್ರುತಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಹುಡುಗರ ಕೈಗೆ ವಾದ್ಯ ಕೊಟ್ಟು ಅನ್ನದ ದಾರಿ ತೋರಿಸಿದರು.

ದಾವಣಗೆರೆ ಸೀಮೆಗಂತೂ ಪೇಟಿ ಬಂದದ್ದು ನಾಟಕದ ಬೆನ್ನು ಹತ್ತಿ. ಚಿಂದೋಡಿ ವೀರಪ್ಪನವರು ಕಟ್ಟಿದ, ಅವರ ಮಗಳು ಚಿಂದೋಡಿ ಲೀಲಾ (2010ರಲ್ಲಿ ತೀರಿಕೊಂಡರು) ನಾಡಿನ ತುಂಬ ಹೆಸರು ಮಾಡಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಕಂಪನಿಯ ಹೆಸರಿನಲ್ಲೇ ಕರಿಬಸವನಿದ್ದಾನೆ. ಕಂಪನಿಗಳ ಕಾಲದಲ್ಲಿ ಪೇಟಿ ಮಾಸ್ತರನೆಂದರೆ ಅರ್ಧ ನಾಟಕ. ರಾತ್ರಿಯಿಡೀ ಮೈಕಿಲ್ಲದೆ ಕೊನೆಯ ಸಾಲಿನವರೆಗೂ ಕೇಳಬೇಕಾದ ಪೇಟಿಗೆ ಒಳ್ಳೆಯ ರೀಡು ಬೇಕಿತ್ತು. ಅದು ಬರುತ್ತಿದ್ದುದು ಹೊರದೇಶದಿಂದ. ಜರ್ಮನಿಯ 'ಜುಬಿಲೇಟ್', ಪ್ಯಾರಿಸ್ಸಿನ 'ಕಾಸ್ರಿಯೆಲ್' ಎಂಬ ಹೆಸರುಗಳನ್ನು ಅಬ್ಬಾ ಪೀರಾನೆಪೀರರ ಹೆಸರಿನಷ್ಟೇ ಅದಬಿನಿಂದ ಹೇಳುತ್ತಿದ್ದರು. ಮಹಾಯುದ್ಧ, ಆಮೇಲಿನ ಆಮದು ನಿರ್ಬಂಧಗಳಿಂದ ಆ ಸರಕು ನಿಂತಿತು. ಗುಜರಾತಿನ ಪಾಲಿಟಾಣದಲ್ಲಿ ತಯಾರಾದ ರೀಡುಗಳು ಆ ಜಾಗ ತುಂಬಿದವು. ಅವುಗಳಲ್ಲೂ ಒಳ್ಳೆಯವಿವೆ. ಆದರೂ ಹೊರದೇಶದ ಹಳೆಯ ರೀಡಿಗೆ ಬೆಲೆ ಏರುತ್ತಲೇ ಹೋಯಿತು.

ಇದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ 'ವೀಟ್‌ಸ್ಟನ್ ಬ್ರಿಡ್ಜ್' ನೆನಪಿರಬಹುದು. ಅದೇ ಚಾರ್ಲ್ಸ್ ವೀಟ್‌ಸ್ಟನ್ 1829ರಲ್ಲಿ ಲಂಡನ್ನಿನಲ್ಲಿ ಪಡೆದ ಒಂದು ಪೇಟೆಂಟಿನಿಂದ ಕಾನ್ಸರ್ಟಿನಾ ಎಂಬ ವಾದ್ಯ ಹುಟ್ಟಿತು. ಸಾಮಾನ್ಯವಾಗಿ ಆರು ಮೂಲೆಯ ಸಣ್ಣ ಪೆಟ್ಟಿಗೆ. ಎರಡೂ ಕೈಯಲ್ಲಿ ಹಿಡಿದು ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುವುದು. ಒಳಗೆ ನಮ್ಮ ಪೇಟಿಯಲ್ಲಿರುವಂಥದೇ ನಾಲಿಗೆಗಳು. ಒಂದು ಕಾಲಕ್ಕೆ ಕೂಲಿಕಾರರ, ಸಾಲ್ವೇಶನ್ ಆರ್ಮಿಯವರ ಕೈಯಲ್ಲಿದ್ದ ಆ ವಾದ್ಯ ಇಂದು ಅಪರೂಪದ ವಸ್ತು. ವೀಟ್‌ಸ್ಟನ್, ಜೆಫ್ರೀಸ್ ಹೆಸರಿನ ಹಳೆಯ ಒಳ್ಳೆಯ ಕಾನ್ಸರ್ಟಿನಾಗಳಿಗೆ ಸಾವಿರಾರು ಪೌಂಡ್ ಬೆಲೆಯಿದೆ. ಐರ್ಲೆಂಡಿನ ಸಾಂಪ್ರದಾಯಿಕ ಸಂಗೀತಕ್ಕೆ 'ಆಂಗ್ಲೋ' ಬಗೆಯದೇ ಬೇಕೆಂಬ ಬೇಡಿಕೆ ಬಂದಾಗ, ಜೆಫ್ರೀಸರ 'ಡ್ಯುಯೆಟ್' ಬಗೆಯ ಅಪರೂಪದ ವಾದ್ಯಗಳನ್ನು ಬಿಚ್ಚಿ ಆಂಗ್ಲೋ ಮಾಡಿ ಮಾರಿದವರಿದ್ದಾರೆ. ಹಾಗೆ ಒಂದು ಬಗೆಯ ವಾದ್ಯವೇ ವಿರಳವಾಯಿತು.

ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ. ವೀಟ್‌ಸ್ಟನ್ ಕಂಪನಿಯ ಹಳೆಯ ಲೆಕ್ಕದ ಪುಸ್ತಕಗಳು ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಉಳಿದಿವೆ. ಪೆಟ್ಟಿಗೆಯ ಮೇಲಿನ ನಂಬರು ಹಿಡಿದು ಹುಡುಕಿದರೆ ಅದು ಯಾವ ಕಾಲದ್ದೆಂದು ಅನೇಕ ವೇಳೆ ತಿಳಿಯುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ಒಂದೇ ಪುಸ್ತಕ. ನಮ್ಮ ಭಜನೆ ಪೇಟಿಗೆ ಅಂಥ ಪುಸ್ತಕ ಎಲ್ಲಿಂದ ಬರಬೇಕು? ಅದರ ಚರಿತ್ರೆಯೆಲ್ಲ ರಿಪೇರಿ ಮಾಡುವವನ ತಲೆಯಲ್ಲಿ. ಅವನು ಬಾಯಿ ಮುಚ್ಚಿದರೆ ಆ ಪುಸ್ತಕವೂ ಮುಚ್ಚಿದಂತೆ.

ನಾವು ಬಾಯಿ ಮುಚ್ಚಿದೆವು.

ಉಕ್ಕಡಗಾತ್ರಿಗೆ ಹತ್ತಿರದ ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಅಂಥ ಪೇಟಿಯೊಂದಿತ್ತು. ಬಹಳ ಹಿಂದೆ ಒಂದು ನಾಟಕದ ಕಂಪನಿ ಅಲ್ಲಿ ಕ್ಯಾಂಪು ಹಾಕಿ ನಷ್ಟವಾಗಿ ಮುರಿದುಬಿತ್ತಂತೆ. ಕಿರಾಣಿ ಬಾಕಿಗೆ ಪೇಟಿ ಬಿಟ್ಟುಹೋದರಂತೆ. ಅದು ಭಜನೆಯವರ ಪಾಲಾಯಿತು. ಪ್ರತಿ ವರ್ಷ ಶ್ರಾವಣಕ್ಕೆ ಮೊದಲು ಅಬ್ಬಾ ಹೋಗಿ ಶ್ರುತಿ ಮಾಡಿ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ಖರ್ಜದ ಮೊದಲ ರೀಡಿನ ಪಟ್ಟಿಯ ಮೇಲೆ ಸೂಜಿಯಿಂದ ಸಣ್ಣದಾಗಿ ಒಂದು ಉರ್ದು ಅಕ್ಷರ ಗೀರುವುದು ಅವರ ರೂಢಿ. 'ಇದು ಪ್ಯಾರಿಸ್ ರೀಡು. ಹುಷಾರು' ಎಂದು ನಮಗೂ ತೋರಿಸಿದ್ದರು.

ಅಬ್ಬಾ 2012ರಲ್ಲಿ ತೀರಿಕೊಂಡರು. ನಾವು ಅವರ ಕಸುಬು ಹಿಡಿಯಲಿಲ್ಲ. ಒಬ್ಬರಿಗೆ ಶಾಲೆಯ ನೌಕರಿ, ಇನ್ನೊಬ್ಬರಿಗೆ ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಆ ಪೇಟಿಯೂ ನೆನೆಯಿತು. ಭಜನೆಯ ಹಿರಿಯರೊಬ್ಬರು ಅದನ್ನು ಗೋಣಿಚೀಲದಲ್ಲಿ ಸುತ್ತಿ ನಮ್ಮ ಮನೆಗೆ ತಂದರು. 'ಸಾಬ್ರ ಮಕ್ಳು ನೀವು. ಏನಾರ ಮಾಡ್ರಪ್ಪ' ಎಂದರು. ತಿದಿಯ ಚರ್ಮ ಬಿಟ್ಟಿತ್ತು, ಹಲಗೆ ಸೊಟ್ಟಗಾಗಿತ್ತು. ಆದರೆ ನೀರಿಗೆ ಕೆಡುವುದು ಗೋಂದು, ಚರ್ಮ, ಮರ. ಒರೆಸಿ ಒಣಗಿಸಿದರೆ ಹಿತ್ತಾಳೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಅದು ನಮಗೆ ಗೊತ್ತಿತ್ತು.

ಅದೇ ದಿನಗಳಲ್ಲಿ ಹಳೆ ವಾದ್ಯ ಕೊಳ್ಳುವ ವ್ಯಾಪಾರಿಯೊಬ್ಬ ಊರೂರು ತಿರುಗುತ್ತಿದ್ದ. ಮುಚ್ಚಳ ತೆಗೆದು ನೋಡಿದವನ ಕಣ್ಣು ಅರಳಿದ್ದನ್ನು ನಾವು ಕಂಡೆವು. ಹಿರಿಯರ ಮುಂದೆ ಮಾತ್ರ ಅವನು 'ರೀಡೆಲ್ಲ ಹೋಗ್ಯಾವು ಅಜ್ಜಾರೆ, ಮರದ ರೇಟಿಗೆ ತಗೋತೀನಿ' ಎಂದ. ಹಿರಿಯರು ನಮ್ಮ ಮುಖ ನೋಡಿದರು. ನಾವು ತಲೆ ತಗ್ಗಿಸಿದೆವು. 7,000 ರೂಪಾಯಿಗೆ ವ್ಯಾಪಾರ ಮುಗಿಯಿತು. ಹೋಗುವಾಗ ಅವನು ನಮ್ಮ ಕೈಗೆ 2,000 ಇಟ್ಟ. ಮಳೆಗೆ ಗೋಡೆ ಬಿದ್ದಿತ್ತು, ದುಡ್ಡು ಬೇಕಿತ್ತು ಎಂದು ಈಗ ಹೇಳಬಹುದು. ಆದರೆ ಆ ಹಿರಿಯರ ಗೋಡೆಯೂ ಬಿದ್ದಿತ್ತು.

ಎರಡು ವರ್ಷದ ಮೇಲೆ, 2021ರಲ್ಲಿ, ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಒಂದು ವಾದ್ಯದಂಗಡಿ ಹೊಕ್ಕೆವು. ಹೊಸ ತೇಗದ ಪೆಟ್ಟಿಗೆ, ಮಿರುಗುವ ಪಾಲಿಶು. 'ಒಳಗೆ ಒರಿಜಿನಲ್ ಪ್ಯಾರಿಸ್ ರೀಡು' ಎಂದು ಅಂಗಡಿಯವನು ಹೆಮ್ಮೆಯಿಂದ ಮುಚ್ಚಳ ತೆಗೆದು ತೋರಿಸಿದ. ಖರ್ಜದ ಮೊದಲ ಪಟ್ಟಿಯ ಮೇಲೆ ಸಾಲಾಗಿ ಉರ್ದು ಅಕ್ಷರಗಳು. ಅಬ್ಬಾನ ಕೈಬರಹ. ಬೆಲೆ 85,000 ರೂಪಾಯಿ. ಹಳೆಯ ಪೆಟ್ಟಿಗೆ ಏನಾಯಿತು ಎಂದು ಕೇಳಿದೆವು. ಅವನಿಗೆ ಗೊತ್ತಿರಲಿಲ್ಲ.

ಅಂಗಡಿಯವನನ್ನು ದೂರಲು ನಮಗೆ ಬಾಯಿಲ್ಲ. ಅವನು ತಾನು ಕೊಂಡದ್ದನ್ನು ಹೇಳಿಯೇ ಮಾರುತ್ತಿದ್ದ. ಹಳೆಯ ರೀಡು ಮತ್ತೆ ಒಬ್ಬ ಗವಾಯಿಯ ಕೈಯಲ್ಲಿ ನುಡಿದರೆ ಅದೂ ಒಳ್ಳೆಯದೇ. ತಪ್ಪು ನಡೆದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಸರಕು ಹೊತ್ತು ಬರುವವರನ್ನು ಮಾರುಕಟ್ಟೆ ಮುಟ್ಟುವ ಮೊದಲೇ ದಾರಿಯಲ್ಲಿ ಎದುರುಗೊಂಡು ಕೊಂಡುಬಿಡುವುದನ್ನು ಪ್ರವಾದಿ(ಸ) ನಿಷೇಧಿಸಿದ್ದರು. ಹಾಗೆ ಕೊಂಡಿದ್ದರೂ, ಮಾರುಕಟ್ಟೆಗೆ ಬಂದು ಬೆಲೆ ತಿಳಿದ ಮೇಲೆ ಆ ವ್ಯಾಪಾರವನ್ನು ಮುರಿಯುವ ಹಕ್ಕು ಮಾರಿದವನಿಗಿದೆ. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಈ ಹದೀಸನ್ನು ಕೇಳಿದಾಗ ಒಂಟೆ, ಮರಳುಗಾಡು ಕಣ್ಣಮುಂದೆ ಬರುತ್ತಿತ್ತು. ಗೋಣಿಚೀಲದಲ್ಲಿ ಸುತ್ತಿದ ಪೇಟಿಗೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ಅಪರೂಪದ ಹಳೆಯ ವಸ್ತುಗಳ ವ್ಯಾಪಾರದ ಲಾಭ ಬಹುಪಾಲು ಮಾರುವವನ ಅಜ್ಞಾನದ ಮೇಲೆ ನಿಂತಿದೆ. ಆ ಅಜ್ಞಾನವನ್ನು ಕಾಯ್ದುಕೊಡಲು ನಾವು 2,000 ರೂಪಾಯಿ ಕೂಲಿ ಪಡೆದಿದ್ದೆವು.

ಮುಂದಿನ ಅಮಾವಾಸ್ಯೆಗೆ ಆ ಹಳ್ಳಿಗೆ ಹೋದೆವು. ಹಿರಿಯರು ಗುಡಿಯ ಕಟ್ಟೆಯ ಮೇಲಿದ್ದರು. ಮಾರಿದ ದುಡ್ಡಿಗೆ ಮತ್ತಷ್ಟು ಸೇರಿಸಿ ಕೊಂಡಿದ್ದ ಎಲೆಕ್ಟ್ರಾನಿಕ್ ಕೀಬೋರ್ಡು ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಕರೆಂಟು ಹೋದರೆ ಭಜನೆಯೂ ನಿಲ್ಲುತ್ತಿತ್ತಂತೆ. ನಡೆದದ್ದನ್ನೆಲ್ಲ ಹೇಳಿ 2,000 ರೂಪಾಯಿ ಮುಂದಿಟ್ಟೆವು. ಉಳಿದದ್ದನ್ನು ತುಂಬಿಕೊಡುವ ಶಕ್ತಿ ನಮಗಿಲ್ಲವೆಂದೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪಕ್ಕದವರಿಗೆ, 'ಭಜನಿ ಲೆಕ್ಕಕ್ಕ ಬರ್ಕೊಳ್ರಿ' ಎಂದರು. ನಮ್ಮ ಕಡೆ ತಿರುಗಿ, 'ಪೇಟಿ ಹೋತು, ಹೋಗ್ಲಿ. ನಿಮ್ಮಪ್ಪಂದು ಶ್ರುತಿ ವಿದ್ಯೆ ಇತ್ತಲ್ಲ, ಅದನ್ನ ಯಾರಿಗೆ ಮಾರಿದ್ರಿ?' ಎಂದು ಕೇಳಿದರು.

ಉತ್ತರವಿರಲಿಲ್ಲ. ಅದನ್ನು ಯಾರೂ ಕೊಂಡಿರಲಿಲ್ಲ, ನಾವೇ ಬಿಟ್ಟಿದ್ದೆವು. ರೀಡಿಗೆ 85,000 ಕೊಡುವವರಿದ್ದಾರೆ. ಅದನ್ನು ಅಷ್ಟು ವರ್ಷ ಉಳಿಸಿದ ಕೈಗೆ ಸಿಗುತ್ತಿದ್ದುದು ಒಂದು ಊಟ, ನೂರೋ ಇನ್ನೂರೋ ರೂಪಾಯಿ.

ಅಂದಿನಿಂದ ಎರಡು ಕೆಲಸ ಮಾಡುತ್ತಿದ್ದೇವೆ. ಹಳೆಯ ಪೇಟಿ ಹಿಡಿದು ಯಾರು ಕೇಳಿಬಂದರೂ ಮುಚ್ಚಳ ತೆಗೆದು, ರೀಡಿನ ಮೇಲಿನ ಮುದ್ರೆ ಓದಿ, ಅದೇನೆಂದು ಹೇಳುತ್ತೇವೆ. ಫೋಟೊ ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಮಾರಬೇಡಿ ಎಂದು ಹೇಳುವುದಿಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಮಾರುವವರಿಗೆ ಉಪದೇಶ ಮಾಡಲು ನಾವ್ಯಾರು? ಎರಡು ಕಡೆ ಬೆಲೆ ಕೇಳಿ, ಆಗುವುದಾದರೆ ಪೆಟ್ಟಿಗೆ ಸಮೇತ ಕೊಡಿ ಎನ್ನುತ್ತೇವೆ. ಓದುಗರ ಅಟ್ಟದ ಮೇಲೂ ಅಂಥದೊಂದು ಇದ್ದರೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಿ.

ಎರಡನೆಯದು, ಅಬ್ಬಾನ ಚೀಲ ಮತ್ತೆ ತೆರೆದಿದ್ದೇವೆ. ಭಾನುವಾರಗಳಂದು ಕೆಟ್ಟ ರೀಡುಗಳ ಮೇಲೆ ಕೈ ಪಳಗಿಸುತ್ತೇವೆ. ಕಿವಿ ಸಾಲದಿದ್ದಾಗ ಮೊಬೈಲಿನ ಟ್ಯೂನರ್ ನೋಡುತ್ತೇವೆ. ಮೊದಲ ವರ್ಷ ಹೆರೆದದ್ದಕ್ಕಿಂತ ಮುರಿದದ್ದೇ ಹೆಚ್ಚು. ಕಳೆದ ಶ್ರಾವಣಕ್ಕೆ ಪಾಲಿಟಾಣದ ರೀಡು ತರಿಸಿ, ಒಂದು ಹಳೆಯ ಪೆಟ್ಟಿಗೆಗೆ ಕೂರಿಸಿ ಆ ಹಳ್ಳಿಗೆ ಒಯ್ದೆವು. ಹಿರಿಯರು ಕರಿ ಎರಡರ ಮನೆ ಒತ್ತಿ ಕಣ್ಣು ಮುಚ್ಚಿ ಕೇಳಿದರು. 'ನಿಮ್ಮಪ್ಪಂದು ಹಿಂಗಿರ್ಲಿಲ್ಲ ಬಿಡ್ರಿ' ಎಂದರು. ಆಮೇಲೆ ತಿದಿ ಒತ್ತಿ ಶರೀಫಜ್ಜನ ಪದ ಹಿಡಿದರು. ಮೇಲಿನ ಸಪ್ತಕದ ಒಂದು ಸ್ವರ ಸ್ವಲ್ಪ ಏರಿತ್ತು. ಮುಂದಿನ ಬಾರಿ ಅದರ ಬುಡ ಹೆರೆಯಬೇಕು.