ಗೋಕರ್ಣದ ಕಡಲಂಚಿನ ಕಾಲುದಾರಿ

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ದೇವನಹಳ್ಳಿಯ ಸೀಮೆಯವರಾದ ನಮಗೆ ಗಾಳಿಯೆಂದರೆ ಆಷಾಢದ ಗಾಳಿ. ಉಳಿದ ಮಾಸಗಳಲ್ಲಿ ಅದರ ನೆನಪೇ ಇರದು. ದಿನವೂ ಗಾಳಿಯೊಡನೆ ಬಾಳುವ ನೆಲವೊಂದನ್ನು ನೋಡಬೇಕೆಂಬ ವಾಚಕರು ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿಯ ರೈಲನ್ನೇರಿ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಚೀಲದಲ್ಲಿ ನಮ್ಮೂರಿನ ಚಕೋತದ ಹಣ್ಣೊಂದಿರಲಿ. ಸಿಪ್ಪೆ ದಪ್ಪವಾದುದರಿಂದ ಪ್ರಯಾಣದಲ್ಲಿ ನಲುಗದು. ಉಪ್ಪುಗಾಳಿಗೆ ಒಣಗಿದ ಬಾಯಿಗೆ ಅದರ ತೊಳೆಗಿಂತ ಹಿತವಾದುದನ್ನು ನಾವು ಕಾಣೆವು.

ಮಹಾಬಲೇಶ್ವರನ ದರ್ಶನ ಮಾಡಿಕೊಂಡು ಊರಿನ ದಕ್ಷಿಣದ ಗುಡ್ಡವನ್ನೇರಿದರೆ ಕಾಲುದಾರಿ ತೊಡಗುವುದು. ಬಲಗಡೆ ಅರಬ್ಬೀ ಸಮುದ್ರ. ಅಡಿಯಲ್ಲಿ ಕರಾವಳಿಯವರು ಚಿರೆಕಲ್ಲೆನ್ನುವ ಕೆಂಪು ಜಂಬಿಟ್ಟಿಗೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ನಾಲ್ಕು ತೀರಗಳು ಒಂದಾದ ಮೇಲೊಂದು ಬರುವುವು. (ಕಡೆಯ ಎರಡಕ್ಕೆ ಕನ್ನಡದಲ್ಲಿ ಹೆಸರಿಡುವವರಿಲ್ಲದೆ ಹೋದರೇ!) ನಡುನಡುವೆ ಕಡಲಿಗೆ ಚಾಚಿದ ಗುಡ್ಡಗಳನ್ನು ಹತ್ತಿಳಿಯಬೇಕಾದುದರಿಂದ ಅರ್ಧ ದಿನವಾದರೂ ಬೇಕು. ಮಳೆಗಾಲದಲ್ಲಿ ಮಾತ್ರ ಈ ದಾರಿ ಸರ್ವಥಾ ಸಲ್ಲದು. ಬಂಡೆಗಳು ಜಾರುವುವು, ತೆರೆಗಳು ಮನುಷ್ಯನನ್ನು ಸೆಳೆದೊಯ್ಯುವುವು.

ಚಳಿಗಾಲದ ಮುಂಜಾನೆ ಗಾಳಿಯು ನೆಲದಿಂದ ಕಡಲಿನತ್ತ ಮೆಲ್ಲನೆ ಸುಳಿಯುವುದು. ಆಗ ನೀರು ಶಾಂತವಾಗಿದ್ದು, ಓಂ ತೀರದಾಚೆ ಡಾಲ್ಫಿನ್‌ಗಳ ಗೂನುಬೆನ್ನು ಎದ್ದು ಮುಳುಗುವುದನ್ನು ಕಾಣಬಹುದು. ಬಿಸಿಲೇರಿ ನೆಲ ಕಾದೊಡನೆ ಗಾಳಿ ತಿರುಗುವುದು. ಆಮೇಲೆ ಗುಡ್ಡದ ನೆತ್ತಿಯಲ್ಲಿ ನಿಂತವನ ಹೆಗಲ ವಸ್ತ್ರವು ಅವನದೆಂದು ಹೇಳುವಂತಿಲ್ಲ. ಆ ಗಾಳಿಯ ಮೇಲೆಯೇ ಗರುಡಪಕ್ಷಿಯು ರೆಕ್ಕೆಯಾಡಿಸದೆ ನಮ್ಮ ಕಣ್ಣಿನ ನೇರಕ್ಕೆ ತೇಲುತ್ತಿರುವುದು. ಕೆಲವೊಮ್ಮೆ ಬಿಳಿಹೊಟ್ಟೆಯ ಕಡಲಹದ್ದೂ ಬರುವುದು.

ಆದರೆ ಈ ಸೀಮೆಯ ನಿಜವಾದ ಯಾತ್ರಿಕರು ಬರುವುದು ರಾತ್ರಿಯಲ್ಲಿ. ಕಾರವಾರ, ಹೊನ್ನಾವರಗಳ ಕಡೆಯ ಮರಳುದಂಡೆಗಳಿಗೆ ಆಲಿವ್ ರಿಡ್ಲಿ ಎಂಬ ಕಡಲಾಮೆಯು ಚಳಿಗಾಲದಲ್ಲಿ ಬಂದು, ಗುಂಡಿ ತೋಡಿ, ನೂರರಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಹಿಂದಿರುಗುವುದು. ಮರಿಗಳಿಗೆ ತಾಯಿಯ ಮುಖವೇ ತಿಳಿಯದು. ಸುಮಾರು ಐವತ್ತು ದಿನಗಳ ಬಳಿಕ ಅವು ಇರುಳಿನಲ್ಲಿ ಮೇಲೆದ್ದು, ಎತ್ತ ಬೆಳಕು ಹೆಚ್ಚೋ ಅತ್ತ ಓಡುವುವು. ಕತ್ತಲ ದಂಡೆಯಲ್ಲಿ ಹೆಚ್ಚು ಬೆಳಕು ಕಡಲಿನದೇ. ವಸತಿಗೃಹವೊಂದರ ದೀಪ ಹಿಂದೆ ಉರಿಯುತ್ತಿದ್ದರೆ ಮರಿಗಳು ನೆಲದತ್ತ ತಿರುಗಿ, ನಾಯಿ ಏಡಿಗಳ ಪಾಲಾಗುವುವು. ಉಳಿದವು ಬೆಳಗಿನ ಬಿಸಿಲಿಗೆ ಒಣಗುವುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆಮೆಯನ್ನು ಕೊಲ್ಲುವವನನ್ನು ಹಿಡಿದೀತು, ದೀಪ ಹಚ್ಚಿಟ್ಟು ಮಲಗಿದವನನ್ನು ಹಿಡಿಯುವುದು ಹೇಗೆ? ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸಿ, ಸುತ್ತ ಬಲೆಯ ಬೇಲಿ ಹಾಕಿಸುವುದುಂಟು. ದಂಡೆಯಲ್ಲಿ ತಂಗುವ ನಮ್ಮವರು ಕೈದೀಪವನ್ನು ಚೀಲದಲ್ಲಿಯೇ ಇಟ್ಟುಕೊಳ್ಳಲಿ. ಬೆಳದಿಂಗಳಿಗೆ ಕಣ್ಣು ಬೇಗನೆ ಹೊಂದಿಕೊಳ್ಳುವುದು.

ಪ್ಯಾರಡೈಸಿನಿಂದ ಮುಂದೆ ಬೇಲೆಕಾನಿನ ಮೇಲೆ ತದಡಿಗೆ ಬಂದರೆ ಅಘನಾಶಿನಿಯ ಅಳಿವೆ. 2024ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಊರವರು ನೀರಿನಲ್ಲಿ ನಿಂತು ಚಿಪ್ಪಿಗಳನ್ನು ಹೆಕ್ಕುತ್ತಿರುವರು. ಆಚೆದಡಕ್ಕೆ ದೋಣಿಯುಂಟು, ಮಧ್ಯಾಹ್ನದ ಗಾಳಿ ಬಲವಾಗುವ ಮೊದಲೇ ದಾಟುವುದು ಲೇಸು.